ಕ್ರೆಡಿಟ್ 160 ಆಯ್ತು, ಡಿಗ್ರಿ ಯಾಕೆ ಬಂದಿಲ್ಲ?

"ಮೇಡಂ, 160 ಕ್ರೆಡಿಟ್ ಆಗಿದೆಯಲ್ಲ, ಇನ್ನೇನು ಬೇಕು?" ಎಂಜಿನಿಯರಿಂಗಿನ ಕೊನೆಯ, ಎಂಟನೇ ಸೆಮಿಸ್ಟರ್ ಬಂತೆಂದರೆ ಯಾರಾದರೊಬ್ಬರು ಈ ಪ್ರಶ್ನೆ ಹಿಡಿದುಕೊಂಡು ನನ್ನ ಮುಂದೆ ನಿಂತಿರುತ್ತಾರೆ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವುದಿಲ್ಲ, ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಸರಾಸರಿ ಗ್ರೇಡ್) ಚೆನ್ನಾಗಿರುತ್ತದೆ, ಕೆಲವರ ಕೈಯಲ್ಲಿ ಕೆಲಸದ ಆಫರ್ ಕೂಡ ಇರುತ್ತದೆ. ಆದರೂ ಡಿಗ್ರಿ ನಿಂತಿರುತ್ತದೆ. ಇಷ್ಟು ಓದುವ ಮಕ್ಕಳು ಒಂದು ಪುಟದ ನಿಯಮವನ್ನು ಯಾಕೆ ಓದುವುದಿಲ್ಲ ಅಂತ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಕ್ರೆಡಿಟ್ ಅಂದರೆ ಒಂದೊಂದು ಕೋರ್ಸಿಗೂ ಇಟ್ಟ ತೂಕ, ಕೋರ್ಸ್ ಪಾಸಾದರೆ ಅದು ನಿಮ್ಮ ಲೆಕ್ಕಕ್ಕೆ ಸೇರುತ್ತದೆ. 160 ಅನ್ನುವುದು ಬರೀ ಮೊತ್ತ. ಅದರೊಳಗೆ ಬೇರೆಬೇರೆ ವಿಭಾಗಗಳಿವೆ, ಪ್ರತಿಯೊಂದೂ ತುಂಬಬೇಕು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮವನ್ನೇ ನೋಡಿ. ಮಾನವಿಕ ವಿಷಯಗಳಿಗೆ 12, ಗಣಿತವೂ ಸೇರಿದ ಬೇಸಿಕ್ ಸೈನ್ಸ್‌ಗೆ 25, ಎಂಜಿನಿಯರಿಂಗ್ ಸೈನ್ಸ್‌ಗೆ 24, ಪ್ರೊಫೆಷನಲ್ ಕೋರ್‌ಗೆ (ನಿಮ್ಮ ಬ್ರಾಂಚಿನ ಕಡ್ಡಾಯ ವಿಷಯಗಳು) 48, ಪ್ರೊಫೆಷನಲ್ ಎಲೆಕ್ಟಿವ್‌ಗೆ (ನಿಮ್ಮ ಬ್ರಾಂಚಿನಲ್ಲೇ ಆರಿಸಿಕೊಳ್ಳುವ ವಿಷಯಗಳು) 18, ಓಪನ್ ಎಲೆಕ್ಟಿವ್‌ಗೆ (ಬೇರೆ ಬ್ರಾಂಚಿನಿಂದಲೂ ಆರಿಸಿಕೊಳ್ಳಬಹುದಾದ ವಿಷಯಗಳು) 18, ಪ್ರಾಜೆಕ್ಟ್, ಸೆಮಿನಾರ್, ಇಂಟರ್ನ್‌ಶಿಪ್‌ಗೆ 15. ನಿಮ್ಮ ವಿಶ್ವವಿದ್ಯಾಲಯದಲ್ಲಿ ಈ ಅಂಕಿಗಳು ಹೆಚ್ಚುಕಡಿಮೆ ಇರಬಹುದು, ವಿಭಾಗಗಳ ಹೆಸರೂ ಬೇರೆ ಇರಬಹುದು. ಆದರೆ ಒಂದು ಕಡೆ ಜಾಸ್ತಿಯಾದ ಕ್ರೆಡಿಟ್ ಸಾಮಾನ್ಯವಾಗಿ ಇನ್ನೊಂದು ಕಡೆಯ ಕೊರತೆಗೆ ಸಲ್ಲುವುದಿಲ್ಲ.

ಮೆಕ್ಯಾನಿಕಲ್‌ನ ಒಬ್ಬ ಹುಡುಗನಿಗೆ ಪ್ರೋಗ್ರಾಮಿಂಗ್ ಅಂದರೆ ಪ್ರಾಣ. ಅವನ ಗ್ರೇಡ್ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದು ಕೋರ್ಸ್ ಕೋಡ್ ಪಕ್ಕದಲ್ಲೂ ಅದು ಯಾವ ವಿಭಾಗದ್ದು ಅಂತ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆವು. ಓಪನ್ ಎಲೆಕ್ಟಿವ್ 21. ಪ್ರೊಫೆಷನಲ್ ಎಲೆಕ್ಟಿವ್ 15. ಮೊತ್ತ ಸರಿಯಾಗಿ 160. ಕಂಪ್ಯೂಟರ್ ಸೈನ್ಸ್ ಬ್ರಾಂಚಿನಿಂದ ಅವನು ಜಾಸ್ತಿಯಾಗಿ ತೆಗೆದುಕೊಂಡ ಮೂರು ಕ್ರೆಡಿಟ್ಟಿನ ಕೋರ್ಸ್, ಅವನ ಬ್ರಾಂಚಿನ ಲೆಕ್ಕದಲ್ಲಿ ಓಪನ್ ಎಲೆಕ್ಟಿವ್. "ಇದು ನಮ್ಮ ಎಲೆಕ್ಟಿವ್‌ಗಳಿಗಿಂತ ಕಷ್ಟ ಮೇಡಂ, ಅದರಲ್ಲೂ ಒಳ್ಳೆಯ ಗ್ರೇಡ್ ಬಂದಿದೆ" ಅಂದ. ನಿಜವೇ. ನನಗೆ ಅವನ ಹಟ ಇಷ್ಟವಾಯಿತು. ಆದರೆ ಕೋರ್ಸು ಎಷ್ಟು ಕಷ್ಟ ಅನ್ನುವುದನ್ನು ನಿಯಮ ನೋಡುವುದಿಲ್ಲ. ಇವನು ಮೆಕ್ಯಾನಿಕಲ್ ಎಂಜಿನಿಯರ್ ಅಂತ ಬರೆದುಕೊಡಬೇಕಾದರೆ ಮೆಕ್ಯಾನಿಕಲ್‌ನಲ್ಲಿ ಇಷ್ಟು ಆಳಕ್ಕೆ ಇಳಿದಿರಬೇಕು, ಅಷ್ಟೇ ಅದು ಕೇಳುವುದು. ಉಳಿದ ಒಂದು ಎಲೆಕ್ಟಿವ್‌ಗೆ ಅವನು ಮತ್ತೊಂದು ಸೆಮಿಸ್ಟರ್ ಕೂರಬೇಕಾಯಿತು.

ಡಿಗ್ರಿಯ ಜೊತೆಗೆ ಆನರ್ಸ್ ಅಥವಾ ಮೈನರ್ ಅನ್ನುವ ಹೆಚ್ಚುವರಿ ಮನ್ನಣೆಗೆ ಓದುವವರೂ ಇಲ್ಲೇ ಎಡವುತ್ತಾರೆ. ಎಐಸಿಟಿಇಯ ಆ 2018ರ ಮಾದರಿಯಲ್ಲಿ ಅದಕ್ಕೆ ಬೇಕಾದ 20 ಕ್ರೆಡಿಟ್ 160ರ ಮೇಲೆ, ಒಳಗಲ್ಲ. ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದು ತೋರಿಸುವವರಿಗೂ ಒಂದು ಮಾತು: ಸೇರುವ ಮೊದಲೇ ಅದು ಯಾವ ವಿಭಾಗಕ್ಕೆ ಸಲ್ಲುತ್ತದೆ ಅಂತ ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ಇನ್ನು ಕ್ರೆಡಿಟ್ಟೇ ಇಲ್ಲದ ಕಡ್ಡಾಯ ಕೋರ್ಸುಗಳು. ಪರಿಸರ ವಿಜ್ಞಾನ, ಸಂವಿಧಾನ ಮಾದರಿ ಪಠ್ಯಕ್ರಮದಲ್ಲಿ ಇಂಥವೇ. ಕ್ರೆಡಿಟ್ ಸೊನ್ನೆ ಅಂತ ಸುಮ್ನೆ ಬಿಟ್ಟರೆ ಡಿಗ್ರಿ ಸಿಗುವುದಿಲ್ಲ. ಪಾಠದ ಹೊರಗಿನ ಸಮಾಜಮುಖಿ ಚಟುವಟಿಕೆಗಳಿಗೆ ಸಿಗುವ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ ಕೂಡ ಹಾಗೆಯೇ. ನಾಲ್ಕು ವರ್ಷ ಓದುವವರಿಗೆ 100, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಸಿಜಿಪಿಎಗೆ ಅದು ಸೇರುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಲೆಕ್ಕ ಹಾಕಲು ಐದನೇ ಸೆಮಿಸ್ಟರ್ ಮುಗಿದ ಸಮಯ ಒಳ್ಳೆಯದು. ಎಷ್ಟೋ ಎಲೆಕ್ಟಿವ್‌ಗಳು ವರ್ಷಕ್ಕೆ ಒಂದೇ ಸಲ ನಡೆಯುತ್ತವೆ. ಏಳನೇ ಸೆಮಿಸ್ಟರಿನಲ್ಲಿ ತಪ್ಪಿದ್ದು ಎಂಟರಲ್ಲಿ ಸಿಗದೇ ಹೋಗಬಹುದು. ನೀವು ಸೇರಿದ ವರ್ಷದ ಸ್ಕೀಮ್ (ಕೋರ್ಸು, ಕ್ರೆಡಿಟ್‌ಗಳ ಪಟ್ಟಿ) ಪ್ರತಿಯನ್ನೇ ಇಟ್ಟುಕೊಳ್ಳಿ, ಜೂನಿಯರ್‌ಗಳದ್ದು ಬೇಡ. ಮಧ್ಯೆ ವರ್ಷ ಕಳೆದುಕೊಂಡವರಿಗೆ ಹೊಸ ಸ್ಕೀಮ್ ಅನ್ವಯಿಸಬಹುದು, ಹಳೆಯ, ಹೊಸ ಸ್ಕೀಮ್‌ಗಳ ಅಂತರ ತುಂಬುವ ಸೇತು ಕೋರ್ಸುಗಳೂ ಬರಬಹುದು. ಅಂಥವರು ಪರೀಕ್ಷಾ ವಿಭಾಗವನ್ನೇ ಕೇಳಿ, ಗೆಳೆಯರನ್ನಲ್ಲ.