ಪ್ರಖರವಾದ ರೇಖೆಯೊಂದನ್ನೇ ನಂಬಬೇಡಿ

ನಕ್ಷತ್ರಗಳ ನಡುವೆ ಇರುವ, ತಂಪಾದ ಅನಿಲ ಮತ್ತು ಧೂಳು ತುಂಬಿದ ಅಣುಮೋಡವೊಂದರಲ್ಲಿ ಇಂಗಾಲ ಎಷ್ಟಿದೆ ಎಂದು ಕೇಳಿದರೆ, ಎಷ್ಟು ಆಳದಲ್ಲಿ ಎಂದು ಮೊದಲು ತಿಳಿಯಬೇಕು. ಅಂಚಿನಲ್ಲಿ ನಕ್ಷತ್ರಗಳ ಅತಿನೇರಳೆ ಬೆಳಕು ಇಂಗಾಲದಿಂದ ಎಲೆಕ್ಟ್ರಾನೊಂದನ್ನು ಕಿತ್ತಿರುತ್ತದೆ. ಅದಕ್ಕೆ 11.26 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು, ಜಲಜನಕಕ್ಕೆ 13.6 ಬೇಕು. ಹೀಗಾಗಿ ಜಲಜನಕ ತಟಸ್ಥವಾಗಿರುವಲ್ಲಿಯೂ ಇಂಗಾಲ ಅಯಾನಾಗಿರುತ್ತದೆ. ಒಳಗೆ ಹೋದಂತೆ ಅದು ತಟಸ್ಥ ಪರಮಾಣುವಾಗಿ, ಧೂಳು ಬೆಳಕನ್ನು ತಡೆಯುವ ಆಳದಲ್ಲಿ ಕಾರ್ಬನ್ ಮೋನಾಕ್ಸೈಡ್ ಆಗಿ ಸಿಗುತ್ತದೆ.

ಈ ಪ್ರತಿಯೊಂದು ರೂಪವೂ ತನ್ನದೇ ನಿಶ್ಚಿತ ತರಂಗಾಂತರದಲ್ಲಿ ಬೆಳಕು ಸೂಸುತ್ತದೆ; ಅದನ್ನೇ ರೇಖೆ ಎನ್ನುತ್ತೇವೆ. ಅಯಾನಿನ ರೇಖೆ 158 ಮೈಕ್ರೊಮೀಟರ್‌ನಲ್ಲಿದೆ. ನಮ್ಮ ವಾತಾವರಣದ ನೀರಾವಿ ಅದನ್ನು ನುಂಗಿಬಿಡುವುದರಿಂದ ಹರ್ಷೆಲ್ ಉಪಗ್ರಹ, ಸೋಫಿಯಾ ವಿಮಾನ ವೀಕ್ಷಣಾಲಯಗಳು ಬೇಕಾದವು. ಸೋಫಿಯಾ 2022ರಲ್ಲಿ ನಿಂತಿತು. ಇದನ್ನು ನಾನು ದೊಡ್ಡ ನಷ್ಟವೆಂದೇ ಎಣಿಸುತ್ತೇನೆ. ತಟಸ್ಥ ಇಂಗಾಲದ 492 ಗಿಗಾಹರ್ಟ್ಸ್ ರೇಖೆಯನ್ನು ಎತ್ತರದ ಒಣ ಪ್ರದೇಶಗಳಿಂದ ಹಿಡಿಯಬಹುದು.

ಹೆಚ್ಚಿನವರು ನೆಚ್ಚುವುದು ಕಾರ್ಬನ್ ಮೋನಾಕ್ಸೈಡಿನ 115 ಗಿಗಾಹರ್ಟ್ಸ್ ರೇಖೆಯನ್ನು. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಅದನ್ನು ಒರಾಯನ್ ನೀಹಾರಿಕೆಯಲ್ಲಿ ಕಂಡರು. ತೊಡಕಿರುವುದು ಅದರ ಪ್ರಖರತೆಯಲ್ಲಿಯೇ. ಒಳಗಿನ ಅಣುಗಳು ಹೊರಸೂಸಿದ್ದನ್ನು ಹೊರಗಿನವು ಮತ್ತೆ ಹೀರುವುದರಿಂದ ನಮಗೆ ತಲುಪುವುದು ಮೇಲ್ಪದರದ ಬೆಳಕು ಮಾತ್ರ. ಅದು ಅನಿಲದ ತಾಪವನ್ನು ಚೆನ್ನಾಗಿ ತಿಳಿಸುತ್ತದೆ, ಪ್ರಮಾಣವನ್ನಲ್ಲ. ಪ್ರಮಾಣಕ್ಕೆ ಇಂಗಾಲದ ತುಸು ಭಾರವಾದ, ವಿರಳವಾದ ರೂಪ ಇಂಗಾಲ-13 ಇರುವ ಅಣುವಿನ 110 ಗಿಗಾಹರ್ಟ್ಸ್ ರೇಖೆ ಬೇಕು. ಅದರ ಬೆಳಕೂ ಹೀಗೆಯೇ ಒಳಗೇ ಹೀರಿಹೋದರೆ, ಇನ್ನೂ ವಿರಳವಾದ, ಆಮ್ಲಜನಕ-18 ಇರುವ ಅಣುವಿನ ರೇಖೆ.

ವಿರಳ ಅಣುವಿನ ಎಣಿಕೆಯಿಂದ ಒಟ್ಟನ್ನು ತಿಳಿಯಲು ಸಾಮಾನ್ಯ ಇಂಗಾಲ-12 ಮತ್ತು 13ರ ಅನುಪಾತ ಗೊತ್ತಿರಬೇಕು. ಸೌರಮಂಡಲದಲ್ಲಿ ಅದು ಸುಮಾರು 89. ಸೂರ್ಯನ ನೆರೆಯ ಅಂತರತಾರಾ ಅನಿಲದಲ್ಲಿ 60ರಿಂದ 70. ಆಕಾಶಗಂಗೆಯ ಕೇಂದ್ರದ ಬಳಿ 20ರ ಆಸುಪಾಸು. ತಪ್ಪು ಅನುಪಾತ ಹಾಕಿದರೆ ಉತ್ತರ ಮೂರು ಪಟ್ಟು ತಪ್ಪಬಹುದು. ಒಂದೇ ಮೋಡದೊಳಗೂ ಅನುಪಾತ ಸ್ಥಿರವಲ್ಲ: ತಂಪಾದ ಅನಿಲದಲ್ಲಿ ರಾಸಾಯನಿಕ ವಿನಿಮಯವು ಇಂಗಾಲ-13ನ್ನು ಅಣುವಿನೊಳಕ್ಕೆ ಸೆಳೆಯುತ್ತದೆ, ಅಂಚಿನಲ್ಲಿ ಬೆಳಕು ಅದೇ ವಿರಳ ಅಣುವನ್ನು ಬೇಗ ಒಡೆಯುತ್ತದೆ.

ತಾಪ ಸುಮಾರು 20 ಕೆಲ್ವಿನ್‌ಗಿಂತ ಇಳಿದ ದಟ್ಟ ಒಡಲಿನಲ್ಲಿ ಅಣುಗಳು ಧೂಳಿನ ಕಣಗಳ ಮೇಲೆ ಹೆಪ್ಪುಗಟ್ಟುತ್ತವೆ. ರೇಡಿಯೊ ರೇಖೆ ಕುಗ್ಗುತ್ತದೆ, ಇಂಗಾಲ ಕುಗ್ಗಿರುವುದಿಲ್ಲ. ಹಿಂಬದಿಯ ನಕ್ಷತ್ರದ ಬೆಳಕಿನಲ್ಲಿ 4.67 ಮೈಕ್ರೊಮೀಟರ್ ಬಳಿ ಕಾಣುವ ಹೀರಿಕೆಯಿಂದ ಆ ಮಂಜುಗಡ್ಡೆಯನ್ನು ಅಳೆಯಬಹುದು. ವೆಬ್ ಬಾಹ್ಯಾಕಾಶ ದೂರದರ್ಶಕ ಈ ಕೆಲಸವನ್ನು ಬಹಳ ಸುಧಾರಿಸಿದೆ.

ಉಳಿದದ್ದು ಧೂಳಿನ ಕಣಗಳೊಳಗಿನ ಇಂಗಾಲ. ಅದನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ, ಕಳೆಯುತ್ತೇವೆ: ಒಟ್ಟು ಇಷ್ಟಿರಬೇಕೆಂದು ಊಹಿಸಿ, ಅನಿಲ ಮತ್ತು ಮಂಜುಗಡ್ಡೆಯ ಪಾಲನ್ನು ತೆಗೆದುಹಾಕುತ್ತೇವೆ. ಆ ಒಟ್ಟು ಮೊತ್ತಕ್ಕೆ ಹಲವರು ಸೂರ್ಯನ ಮೌಲ್ಯವನ್ನೇ, ಅಂದರೆ ಹತ್ತು ಲಕ್ಷ ಜಲಜನಕ ಪರಮಾಣುಗಳಿಗೆ ಸುಮಾರು 270 ಇಂಗಾಲದ ಪರಮಾಣುಗಳೆಂದು, ಹಿಡಿಯುತ್ತಾರೆ. ಯಾವುದೇ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಈ ಊಹೆ ಬರೆದಿರುವ ಸಾಲನ್ನು.