ಐದು ನಿಮಿಷವೋ, ಹತ್ತು ನಿಮಿಷವೋ?

ಕೆಲವು ವರ್ಷಗಳ ಹಿಂದಿನ ಮಾತು. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ನಮ್ಮ ಆಫೀಸಿಗೆ ಫೋನ್ ಬಂತು. ಮಾತಾಡಿದವರು ಅಲ್ಲಿನ ಎಲೆಕ್ಟ್ರಿಷಿಯನ್. “ಸರ್, ಮುಚ್ಚಳ ತೆಗೆಯೋ ಮೊದ್ಲ ಐದು ನಿಮಿಷ ಕಾಯಬೇಕೋ, ಹತ್ತು ನಿಮಿಷ ಕಾಯಬೇಕೋ? ನಿಮ್ಮ ಪುಸ್ತಕದಾಗ ಎರಡೂ ಅದಾವ್ರಿ.”

ನಾನಾಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಕ್ನಿಕಲ್ ರೈಟರ್. ದೊಡ್ಡ ಮೋಟರುಗಳ ವೇಗವನ್ನು ಹೆಚ್ಚು ಕಡಿಮೆ ಮಾಡುವ ‘ಡ್ರೈವ್’ಗಳಿಗೆ ಮ್ಯಾನ್ಯುಯಲ್ ಬರೆಯುವುದು ನಮ್ಮ ಕೆಲಸ. ಪುಸ್ತಕ ತೆಗೆದು ನೋಡಿದೆ. 12ನೇ ಪುಟದಲ್ಲಿ ಹತ್ತು ನಿಮಿಷ. 87ನೇ ಪುಟದಲ್ಲಿ ಐದು. ಅವರು ಹೇಳಿದ್ದು ನಿಜ.

ಸುಮ್ನೆ ಒಂದು ಅಂಕಿ ತಾನೇ ಅನ್ನಿಸಬಹುದು. ಆ ಅಂಕಿ ಎಲ್ಲಿಂದ ಬರುತ್ತದೆ ನೋಡಿ. ಡ್ರೈವ್ ಒಳಗೆ ಬರುವ 415 ವೋಲ್ಟಿನ ಮೂರು ಫೇಸ್ ಕರೆಂಟು ಮೊದಲು ಡಿಸಿ ಆಗುತ್ತದೆ. ಸುಮಾರು 585 ವೋಲ್ಟ್. ಅದನ್ನು ಹಿಡಿದಿಟ್ಟುಕೊಳ್ಳಲು ಕೆಪಾಸಿಟರುಗಳಿವೆ. ಮೇನ್ ಸ್ವಿಚ್ ಆಫ್ ಮಾಡಿದರೂ ಅವುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಒಂದು ರೆಸಿಸ್ಟರ್ ಮೂಲಕ ಮೆಲ್ಲಗೆ ಸೋರಿ ಹೋಗಬೇಕು. ತೊಟ್ಟಿಯ ತಳದ ನಲ್ಲಿ ಬಿಟ್ಟ ಹಾಗೆ. ತುಂಬಿದ್ದಾಗ ರಭಸ, ಕಡಿಮೆಯಾದಂತೆ ನಿಧಾನ.

ಲೆಕ್ಕ ಸುಲಭವಾಗಲಿ ಅಂತ ಹೀಗೆ ಇಟ್ಟುಕೊಳ್ಳೋಣ. ಎರಡು ನಿಮಿಷಕ್ಕೊಮ್ಮೆ ವೋಲ್ಟೇಜು ಇದ್ದದ್ದರ ಶೇಕಡಾ 37ಕ್ಕೆ ಇಳಿಯುತ್ತದೆ. 585 ಇದ್ದದ್ದು ಎರಡು ನಿಮಿಷಕ್ಕೆ 215, ನಾಲ್ಕಕ್ಕೆ 79. ನಾಲ್ಕೂವರೆ ನಿಮಿಷ ದಾಟುತ್ತಿದ್ದಂತೆ, ಅಪಾಯ ಕಡಿಮೆ ಅಂತ ಎಣಿಸುವ 60 ವೋಲ್ಟಿಗಿಂತ ಕೆಳಗೆ. ಹಾಗಾಗಿ ‘5 ನಿಮಿಷ ಕಾಯಿರಿ’. ಹೊಸ ಮಾಡೆಲಿನಲ್ಲಿ ಎಂಜಿನಿಯರುಗಳು ಕೆಪಾಸಿಟರಿನ ಸಾಮರ್ಥ್ಯ ಎರಡರಷ್ಟು ಮಾಡಿ, ರೆಸಿಸ್ಟರನ್ನು ಹಾಗೇ ಬಿಟ್ಟರು ಅನ್ನಿ. ಸೋರುವ ಹೊತ್ತೂ ಎರಡರಷ್ಟಾಗುತ್ತದೆ. ಈಗ ‘10 ನಿಮಿಷ’. ಹಳೆಯ ಪುಟ ನಂಬಿ ಐದೇ ನಿಮಿಷಕ್ಕೆ ಒಳಗೆ ಕೈ ಹಾಕಿದವರಿಗೆ ಅಲ್ಲಿ ಸಿಗುವುದು ಸುಮಾರು 168 ವೋಲ್ಟ್.

ನಮ್ಮಲ್ಲಿ ತಪ್ಪು ಆದದ್ದು ಹೇಗೆ? ಎಂಜಿನಿಯರಿಂಗ್‌ನಿಂದ ಮೇಲ್ ಬಂದಿತ್ತು. ನಾವು ಆಫೀಸಿನ ಎಲ್ಲರೂ ಬಳಸುವ ಫೋಲ್ಡರಿನಲ್ಲಿದ್ದ ವರ್ಡ್ ಫೈಲುಗಳನ್ನು ಒಂದೊಂದೇ ತೆರೆದು ‘5’ ಅಂತ ಹುಡುಕಿ ‘10’ ಮಾಡಿದೆವು. 87ನೇ ಪುಟದಲ್ಲಿ ಅದು ಅಂಕಿಯಲ್ಲಿ ಇರಲಿಲ್ಲ. ಯಾರೋ ಪುಣ್ಯಾತ್ಮರು ‘ಫೈವ್’ ಅಂತ ಅಕ್ಷರದಲ್ಲಿ ಬರೆದಿದ್ದರು. ಆ ಪುಣ್ಯಾತ್ಮ ನಾನೇ ಇರಬಹುದು, ಆ ಮಾತು ಬೇರೆ.

ಇಂಥ ಘಟನೆ ಆದ ಮರುದಿನವೇ ಎಲ್ಲ ಕಂಪನಿಗಳಲ್ಲೂ ಒಂದು ಮೀಟಿಂಗ್ ನಡೆಯುತ್ತದೆ. “ನಮಗೊಂದು ಸಿಎಂಎಸ್ ಬೇಕು.” ಅಂದರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ. ಸಿಎಂಎಸ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್. ಅದು ನೋಡಿಕೊಳ್ಳುವುದು ಪುಟಗಳನ್ನು. ಮ್ಯಾನ್ಯುಯಲ್ ಬರೆಯುವವರಿಗೆ ಬೇಕಾದದ್ದು ಪುಟಕ್ಕಿಂತ ಚಿಕ್ಕದನ್ನು, ಅಂದರೆ ಒಂದು ಎಚ್ಚರಿಕೆ, ಒಂದು ಹಂತ, ಒಂದು ಕೋಷ್ಟಕ ಇವನ್ನು ಬಿಡಿಬಿಡಿಯಾಗಿ ಇಟ್ಟುಕೊಳ್ಳುವ ವ್ಯವಸ್ಥೆ. ಎಚ್ಚರಿಕೆ ಒಂದೇ ಕಡೆ ಇರುತ್ತದೆ, ನಲವತ್ತು ಪುಸ್ತಕಗಳು ಅದನ್ನು ಅಲ್ಲಿಂದಲೇ ಕರೆಸಿಕೊಳ್ಳುತ್ತವೆ. ಒಂದು ಕಡೆ ತಿದ್ದಿದರೆ ನಲವತ್ತೂ ತಿದ್ದಿದಂತೆ.

ಹೊಸ ವಿಚಾರವೇನಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ರಿಲೇಷನಲ್ ಡೇಟಾಬೇಸಿನ ತಳಹದಿ ಹಾಕಿದರು. ಒಂದೇ ಸಂಗತಿಯನ್ನು ಹಲವು ಕಡೆ ಬರೆದಿಟ್ಟರೆ, ತಿದ್ದುವಾಗ ಯಾವುದೋ ಒಂದು ಉಳಿದುಹೋಗಿ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ಆ ಕ್ಷೇತ್ರದ ಹಳೆಯ ತಲೆನೋವು. ಬ್ಯಾಂಕಿನವರು ನಿಮ್ಮ ವಿಳಾಸವನ್ನು ಹತ್ತು ಕಡೆ ಬರೆದಿಟ್ಟಂತೆ. ಮುಂದೆ ಅದೇ ಐಬಿಎಂ ತನ್ನ ಮ್ಯಾನ್ಯುಯಲ್‌ಗಳಿಗಾಗಿ ‘ಡಿಟಾ’ ಎಂಬ, ತುಣುಕು ತುಣುಕಾಗಿ ಬರೆಯುವ ಕ್ರಮ ಕಟ್ಟಿತು. 2005ರಲ್ಲಿ ಅದು, ಇಂಥ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಓಯಾಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು. ಡಿಟಾ ಹೆಸರಿನಲ್ಲಿರುವ ‘ಡಿ’ ಅಂದರೆ ಡಾರ್ವಿನ್! ಒಂದು ಮೂಲ ನಮೂನೆಯಿಂದ ಬೇರೆ ನಮೂನೆಗಳು ಕವಲೊಡೆಯುತ್ತವೆ, ಮೂಲದ ಗುಣ ಉಳಿಸಿಕೊಳ್ಳುತ್ತವೆ ಅಂತ ಆ ಹೆಸರು.

ಹಾಗಾದರೆ ತಂಡ ಎಷ್ಟು ದೊಡ್ಡದಾದಾಗ ಇದು ಬೇಕು? ಹತ್ತು ಜನ ಆದಾಗಲೇ? ಐದು ಸಾವಿರ ಪುಟ ದಾಟಿದಾಗಲೇ? ನನ್ನ ಪ್ರಕಾರ ಈ ಪ್ರಶ್ನೆಯೇ ಸರಿಯಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲನ್ನೇ ನೋಡಿ. ಅದರ ಕೋಡಿನ ಜೊತೆಗೇ ‘ಡಾಕ್ಯುಮೆಂಟೇಷನ್’ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ ಸಾವಿರಾರು ಫೈಲುಗಳು, ಹೆಚ್ಚುಕಡಿಮೆ ಎಲ್ಲವೂ ಸಾದಾ ಟೆಕ್ಸ್ಟ್. ಬರೆಯುವವರು ಪ್ರಪಂಚದ ತುಂಬ ಇದ್ದಾರೆ. ದುಬಾರಿ ಸಿಎಂಎಸ್ ಯಾವುದೂ ಇಲ್ಲ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ, ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಗಿಟ್ ಇದೆ, ಪುಟ ಕಟ್ಟಿಕೊಡಲು ಸ್ಫಿಂಕ್ಸ್ ಎಂಬ ಪುಕ್ಕಟೆ ಟೂಲ್ ಇದೆ. ಅಷ್ಟರಲ್ಲೇ ಕೆಲಸ ನಡೆಯುತ್ತದೆ, ಯಾಕೆಂದರೆ ಅಲ್ಲಿ ಒಂದೇ ಮಾತನ್ನು ನಲವತ್ತು ಪುಸ್ತಕಗಳಲ್ಲಿ ಹೇಳುವ ಪ್ರಮೇಯ ಕಡಿಮೆ.

ಇನ್ನೊಂದು ತುದಿಯಲ್ಲಿ ವಿಮಾನಗಳಿವೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ವಿಮಾನಗಳ ಒಳಗೆ ಬೇರೆ ಬೇರೆ ಪಂಪು, ಬೇರೆ ಬೇರೆ ವೈರಿಂಗ್ ಇರಬಹುದು. ರಿಪೇರಿ ಮಾಡುವವನಿಗೆ ತನ್ನ ಮುಂದೆ ನಿಂತಿರುವ ವಿಮಾನದ ಸೂಚನೆ ಮಾತ್ರ ಬೇಕು, ಅದರ ತಮ್ಮನದ್ದಲ್ಲ. ಇದಕ್ಕೆಂದೇ ಎಸ್1000ಡಿ ಎಂಬ ಸ್ಟ್ಯಾಂಡರ್ಡ್ ಇದೆ. ಅದರಲ್ಲಿ ಎಲ್ಲ ತುಣುಕುಗಳೂ ಒಂದೇ ಡೇಟಾಬೇಸಿನಲ್ಲಿರುತ್ತವೆ. ‘ಇದು ಯಾವ ವಿಮಾನಕ್ಕೆ’ ಎಂಬ ಗುರುತನ್ನು ತುಣುಕಿಗೇ ಅಂಟಿಸಬಹುದು. ಅಲ್ಲಿ ಡೇಟಾಬೇಸ್ ಇಲ್ಲದೆ ಕೆಲಸ ಶುರುವೇ ಆಗುವುದಿಲ್ಲ.

ನೋಡಬೇಕಾದದ್ದು ಪುಟಗಳ ಲೆಕ್ಕವಲ್ಲ, ನಕಲುಗಳ ಲೆಕ್ಕ. ಒಂದೇ ಮಾತು ಎಷ್ಟು ಕಡೆ ಇದೆ, ಅದು ಎಷ್ಟು ಸಲ ಬದಲಾಗುತ್ತದೆ, ಎಷ್ಟು ಭಾಷೆಗೆ ಹೋಗುತ್ತದೆ. ತಿದ್ದುವಾಗ ನೂರಕ್ಕೆ ಒಂದು ಸಲ ಕಣ್ತಪ್ಪುತ್ತದೆ ಅಂದುಕೊಳ್ಳಿ. ಅದು ಒಳ್ಳೆಯ ಗಮನವೇ. ಆದರೂ 40 ನಕಲು ತಿದ್ದಿದಾಗ ಒಂದಾದರೂ ತಪ್ಪುಳಿಯುವ ಸಾಧ್ಯತೆ ಮೂರರಲ್ಲಿ ಒಂದು. ಅದೇ 40 ಪುಸ್ತಕ ಆರು ಭಾಷೆಯಲ್ಲಿದ್ದರೆ 240 ನಕಲು. ಆಗ ತಪ್ಪು ಉಳಿಯುವ ಸಾಧ್ಯತೆ ಶೇಕಡಾ 91. ತಪ್ಪಿರುತ್ತದೆ ಅಂತಲೇ ಅರ್ಥ, ಅಲ್ವಾ? ಆರು ಭಾಷೆ ಜಾಸ್ತಿ ಅನ್ನಿಸಿದರೆ ಯುರೋಪಿಗೆ ಯಂತ್ರ ಮಾರುವವರನ್ನು ಕೇಳಿ. ಯಂತ್ರ ಯಾವ ದೇಶಕ್ಕೆ ಹೋಗುತ್ತದೋ ಅದರ ಅಧಿಕೃತ ಭಾಷೆಯಲ್ಲಿ ಸೂಚನೆ ಇರಬೇಕೆಂದು ಅಲ್ಲಿನ 2006ರ ಯಂತ್ರೋಪಕರಣ ನಿರ್ದೇಶನ ಹೇಳುತ್ತದೆ. ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳು 24.

ಭಾಷೆಯ ಮಾತು ಬಂತು ಅಂತ ಹೇಳುತ್ತೇನೆ. ಸಿಎಂಎಸ್ ಕೈಗೆ ಬಂದವರಿಗೆ ಎಲ್ಲವನ್ನೂ ತುಂಡು ಮಾಡುವ ಹುಚ್ಚು ಹತ್ತುತ್ತದೆ. ವಾಕ್ಯ ಸಾಲದು, ಪದವನ್ನೂ ತುಂಡಾಗಿ ಇಟ್ಟು ಮತ್ತೆ ಮತ್ತೆ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಹೇಗೋ ನಡೆದೀತು. ಕನ್ನಡದಲ್ಲಿ ಮೋಟರು ‘ಮೋಟರನ್ನು’ ಆಗುತ್ತದೆ, ಬ್ಯಾಟರಿ ‘ಬ್ಯಾಟರಿಯನ್ನು’ ಆಗುತ್ತದೆ, ಪಂಪು ‘ಪಂಪನ್ನು’ ಆಗುತ್ತದೆ. ಖಾಲಿ ಜಾಗ ಬಿಟ್ಟು ಹೆಸರು ತುರುಕಿದರೆ ಈ ಸಂಧಿ ಯಾರು ಮಾಡಬೇಕು? ನಿಮ್ಮ ಫೋನಿನ ಕನ್ನಡದಲ್ಲಿ ‘ಅನ್ನು’, ‘ಗೆ’, ‘ನಲ್ಲಿ’ ಇವೆಲ್ಲ ಹೆಸರಿನಿಂದ ಮಾರು ದೂರ ಒಂಟಿಯಾಗಿ ನಿಂತಿರುವುದನ್ನು ನೋಡಿರುತ್ತೀರಿ. ಅದಕ್ಕೆ ಎಷ್ಟೋ ಸಲ ಕಾರಣ ಇದೇ. ಪೂರ್ತಿ ವಾಕ್ಯಕ್ಕಿಂತ ಚಿಕ್ಕ ತುಂಡು ಮಾಡಬೇಡಿ ಅಂತ ನಾನು ಎಲ್ಲ ಕಡೆ ಜಗಳವಾಡಿದ್ದೇನೆ. ಅರ್ಧ ಸಲ ಸೋತಿದ್ದೇನೆ.

ಇನ್ನೂ ಒಂದು ಗೊಂದಲ ಇದೆ. ತುಣುಕಾಗಿ ಬರೆಯುವುದು ಬೇರೆ, ಸಿಎಂಎಸ್ ಕೊಳ್ಳುವುದು ಬೇರೆ. ಡಿಟಾ ಫೈಲುಗಳನ್ನು ಗಿಟ್‌ನಲ್ಲೇ ಇಟ್ಟುಕೊಂಡು ಒಂದು ವಾಕ್ಯವನ್ನು ಹತ್ತು ಕಡೆ ಕರೆಸಬಹುದು. ಹಾಗೆ ನಡೆಸುವ ತಂಡಗಳು ಬೇಕಾದಷ್ಟಿವೆ. ಸಿಎಂಎಸ್ ಮೇಲಿಂದ ಕೊಡುವುದು ಕೆಲವು ಉತ್ತರಗಳನ್ನು. ಈ ತುಣುಕು ಯಾವ ಯಾವ ಪುಸ್ತಕದಲ್ಲಿದೆ? ಯಾರು ಒಪ್ಪಿಗೆ ಕೊಟ್ಟರು? ಇಂಗ್ಲಿಷಿನಲ್ಲಿ ತಿದ್ದಿದ ಮೇಲೆ ಜರ್ಮನ್ ಹಳೆಯದಾಗಿಯೇ ಉಳಿದಿದೆಯೇ? ಈ ಪ್ರಶ್ನೆಗಳು ವಾರಕ್ಕೊಮ್ಮೆ ಬಂದರೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ವರ್ಷಕ್ಕೊಮ್ಮೆ ಬಂದರೆ ಒಂದು ಎಕ್ಸೆಲ್ ಶೀಟು ಸಾಕು. ಹೀಗೆ ಹೇಳಿದರೆ ಸಿಎಂಎಸ್ ಮಾರುವವರಿಗೆ ಬೇಜಾರಾಗುತ್ತದೆ.

ನಮ್ಮ ತಂಡದಲ್ಲಿ ಆ ಫೋನ್ ಬಂದ ವಾರ ಯಾರೂ ಏನೂ ಕೊಳ್ಳಲಿಲ್ಲ. ಆ ಒಂದು ಎಚ್ಚರಿಕೆಯನ್ನು ಮಾತ್ರ ಎಣಿಸಿದೆವು. 38 ಫೈಲುಗಳಲ್ಲಿತ್ತು. ಹನ್ನೊಂದು ಥರ ಬರೆದಿದ್ದೆವು. ‘ಕಾಯಿರಿ’ ಒಂದು ಕಡೆ, ‘ಕನಿಷ್ಠ ಕಾಯಿರಿ’ ಇನ್ನೊಂದು ಕಡೆ, ಮತ್ತೊಂದು ಕಡೆ ‘300 ಸೆಕೆಂಡ್’. ಈ ಸ್ಥಿತಿಯಲ್ಲಿ ಸಿಎಂಎಸ್ ತಂದಿದ್ದರೆ ಹನ್ನೊಂದನ್ನೂ ಹನ್ನೊಂದು ಬೇರೆ ತುಣುಕು ಅಂತ ಜೋಪಾನ ಮಾಡಿ ಇಟ್ಟುಕೊಳ್ಳುತ್ತಿತ್ತು. ಹನ್ನೊಂದನ್ನು ಒಂದು ಮಾಡಲು ಎರಡು ತಿಂಗಳು ಹಿಡಿಯಿತು. ಅದರಲ್ಲಿ ಮುಕ್ಕಾಲು ಪಾಲು ‘ಕನಿಷ್ಠ’ ಬೇಕೋ ಬೇಡವೋ ಎಂಬ ವಾದ. ಸಿಎಂಎಸ್ ಬಂದದ್ದು ಮರುವರ್ಷ.

ಅದು ಬಂದು ಆರು ತಿಂಗಳಾದ ಮೇಲೆ ನಾನು ಒಮ್ಮೆ ಫ್ಯಾಕ್ಟರಿ ಕಡೆ ಹೋಗಿದ್ದೆ. ಹೊಸ ಡ್ರೈವ್‌ಗಳು ಸಾಲಾಗಿ ನಿಂತಿದ್ದವು. ಒಂದರ ಬಾಗಿಲು ತೆರೆದು ನೋಡಿದೆ. ಒಳಗೆ ಹಳದಿ ಸ್ಟಿಕ್ಕರ್: ಐದು ನಿಮಿಷ ಕಾಯಿರಿ. ಆ ಸ್ಟಿಕ್ಕರಿನ ಫೈಲು ಹೊರಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿತ್ತು. ನಮ್ಮ 38ರ ಪಟ್ಟಿಯಲ್ಲಿ ಅದು ಇರಲೇ ಇಲ್ಲ.