ಬಡ್ತಿ ಸಿಗಬೇಕಾದರೆ ಇನ್ನೊಂದು ಕೋರ್ಸ್ ಮಾಡಬೇಕಾ?

ಓದುಗ ಗೆಳತಿಯೊಬ್ಬರ ಪ್ರಶ್ನೆ: ಡಿಗ್ರಿ ಮುಗಿಸಿ ಹದಿಮೂರು ವರ್ಷ ಆಯ್ತು. ನನ್ನ ಕೆಲಸದ ಬಗ್ಗೆ ಯಾರದ್ದೂ ದೂರಿಲ್ಲ, ಎಲ್ಲರೂ ಹೊಗಳ್ತಾರೆ. ಆದರೆ ತಂಡದ ಜವಾಬ್ದಾರಿ ಯಾರಿಗೆ ಅನ್ನೋ ಮಾತು ಬಂದಾಗ ನನ್ನ ಹೆಸರೇ ಬರಲ್ಲ. ಇನ್ನೊಂದು ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡರೆ ಅನುಕೂಲ ಆಗುತ್ತಾ? ಈ ವಯಸ್ಸಲ್ಲಿ ಹೊಸದಾಗಿ ಕಲಿತು ಪ್ರಯೋಜನ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ಸುಲಭ. ಪ್ರಯೋಜನ ಇದೆ. ಅಮೆರಿಕದಲ್ಲಿ ಗ್ರೇಸ್ ಹಾಪರ್ ಅಂತ ಒಬ್ಬರಿದ್ದರು. ಗಣಿತದಲ್ಲಿ ಪಿಎಚ್.ಡಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಆಮೇಲೆ ನೌಕಾಪಡೆ ಸೇರಿದ ಅವರು ಮೊದಲ ಸಲ ಕಂಪ್ಯೂಟರ್ ಕೆಲಸಕ್ಕೆ ಕೈ ಹಾಕಿದ್ದು 1944ರಲ್ಲಿ, 37ನೇ ವಯಸ್ಸಿನಲ್ಲಿ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶಕ್ಕೆ ಕಂಪೈಲರ್ ಅನ್ನುತ್ತಾರೆ; ಜಗತ್ತಿನ ಮೊದಮೊದಲ ಕಂಪೈಲರ್‌ಗಳಲ್ಲಿ ಒಂದನ್ನು ಮಾಡಿದ್ದು ಅವರೇ. 1986ರಲ್ಲಿ ನೌಕಾಪಡೆಯಿಂದ ನಿವೃತ್ತರಾದಾಗ ಅವರಿಗೆ 79 ವರ್ಷ, ಹುದ್ದೆ ರಿಯರ್ ಅಡ್ಮಿರಲ್. ನೀವಿನ್ನೂ ಮೂವತ್ತೈದರ ಆಸುಪಾಸಿನಲ್ಲಿದ್ದೀರಿ. ವಯಸ್ಸಿನ ಮಾತು ಇಲ್ಲಿಗೆ ಬಿಡೋಣ.

ಕೋರ್ಸ್ ಮಾಡಬೇಕಾ ಅನ್ನೋದು ಮಾತ್ರ ಅಷ್ಟು ಸುಲಭದ ಪ್ರಶ್ನೆಯಲ್ಲ. ನೀವು ಈಗಾಗಲೇ ಚೆನ್ನಾಗಿ ಬಲ್ಲ ವಿಷಯದಲ್ಲೇ ಇನ್ನೊಂದು ಸರ್ಟಿಫಿಕೇಟ್ ತರುವುದಾದರೆ, ನನ್ನ ಉತ್ತರ "ಬೇಡ" ಅಂತಲೇ. ಯಾಕೆ ಅಂತ ಹೇಳುತ್ತೇನೆ.

ಹೆಣ್ಣುಮಕ್ಕಳು ಮೇಲಿನ ಹುದ್ದೆಗೆ ಬಾರದೆ ಇರುವುದಕ್ಕೆ ಓದು ಸಾಲದು ಅನ್ನೋದೇ ಕಾರಣ ಅಂತ ಹೇಳುವ ಕಾಲವೊಂದಿತ್ತು. ಓದಲು ಬಿಟ್ಟರೆ ತಾನೆ! ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಹೆಂಗಸರಿಗೆ ಪದವಿ ಕೊಡಲು ಶುರು ಮಾಡಿದ್ದು 1920ರಲ್ಲಿ. ಕೇಂಬ್ರಿಡ್ಜ್ ಇನ್ನೂ ನಿಧಾನ, ಪೂರ್ಣ ಪದವಿ ಕೊಟ್ಟಿದ್ದು 1948ರಲ್ಲಿ. ಈಗ ಪ್ರಪಂಚದ ಲೆಕ್ಕ ತೆಗೆದರೆ ಉನ್ನತ ಶಿಕ್ಷಣದಲ್ಲಿ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ. ಆದರೂ ವಿಶ್ವ ಆರ್ಥಿಕ ವೇದಿಕೆಯ 2023ರ ವರದಿ ನೋಡಿ: ದುಡಿಯುವವರಲ್ಲಿ ಹೆಂಗಸರು ಸುಮಾರು ಶೇ 42, ಹಿರಿಯ ಹುದ್ದೆಗಳಲ್ಲಿ ಸುಮಾರು ಶೇ 32. ಪದವಿ ಕೈಯಲ್ಲಿದೆ, ಕುರ್ಚಿ ಮಾತ್ರ ದೂರ.

ಎಲ್ಲಿ ತಪ್ಪಿಹೋಗುತ್ತದೆ? ತುದಿಯಲ್ಲಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಬುಡದಲ್ಲೇ. ಮೆಕಿನ್ಸಿ ಅನ್ನೋ ಸಲಹಾ ಕಂಪನಿ ಮತ್ತು ಹೆಂಗಸರ ಪರ ಕೆಲಸ ಮಾಡುವ ಲೀನ್‌ಇನ್ ಸಂಸ್ಥೆ ಸೇರಿ ಉತ್ತರ ಅಮೆರಿಕದ ಕಂಪನಿಗಳ ಬಗ್ಗೆ ವರ್ಷವರ್ಷ ಒಂದು ವರದಿ ತರುತ್ತವೆ. 2024ರ ವರದಿ ಪ್ರಕಾರ 100 ಗಂಡಸರು ಮೊದಲ ಸಲ ಮ್ಯಾನೇಜರ್ ಆದಾಗ, ಹಾಗೆ ಬಡ್ತಿ ಪಡೆದ ಹೆಂಗಸರು 81. ಏಣಿಯ ಮೊದಲ ಮೆಟ್ಟಿಲೇ ಮುರಿದಿದೆ ಅನ್ನುತ್ತಾರೆ ಅವರು. ನೀವು ನಿಂತಿರುವುದು ಸರಿಯಾಗಿ ಆ ಮೆಟ್ಟಿಲಿನ ಮುಂದೆ.

ನಿಮ್ಮ ಪತ್ರ ಓದಿದಾಗ ನನಗೆ ನೆನಪಾಗಿದ್ದು ಇನ್ನೊಂದು ಅಧ್ಯಯನ. ಅಲನ್ ಬೆನ್ಸನ್, ಡೇನಿಯಲ್ ಲಿ, ಕೆಲ್ಲಿ ಶೂ ಅನ್ನೋ ಮೂವರು ಸಂಶೋಧಕರು ಒಂದು ದೊಡ್ಡ ಅಂಗಡಿ ಸರಣಿಯ ಸುಮಾರು 30,000 ನೌಕರರ ದಾಖಲೆ ನೋಡಿದರು. ಅಲ್ಲಿ ಪ್ರತಿ ನೌಕರರಿಗೂ ಎರಡು ಅಂಕ ಕೊಡುತ್ತಿದ್ದರು. ಒಂದು, ಈ ವರ್ಷ ಹೇಗೆ ಕೆಲಸ ಮಾಡಿದರು ಅನ್ನೋದಕ್ಕೆ. ಇನ್ನೊಂದು, ಮುಂದೆ ಎಷ್ಟು ಬೆಳೆಯಬಲ್ಲರು ಅನ್ನೋದಕ್ಕೆ. ಮೊದಲನೆಯದರಲ್ಲಿ ಹೆಂಗಸರೇ ಮುಂದು. ಎರಡನೆಯದರಲ್ಲಿ ಗಂಡಸರು. ಬಡ್ತಿಯಲ್ಲಿ ಹೆಂಗಸರು ಹಿಂದೆ ಬೀಳುವುದಕ್ಕೆ ಈ ಎರಡನೇ ಅಂಕ ದೊಡ್ಡ ಕಾರಣವಾಗಿತ್ತು. ತಮಾಷೆ ಅಂದರೆ, "ಇವರು ಇಷ್ಟೇ ಬೆಳೆಯೋದು" ಅಂತ ಬರೆಸಿಕೊಂಡ ಹೆಂಗಸರು ಮುಂದಿನ ವರ್ಷ ಆ ಅಂದಾಜನ್ನು ಮೀರಿ ಕೆಲಸ ಮಾಡಿದರು. ಅದರ ಮುಂದಿನ ವರ್ಷ ಮತ್ತೆ ಅದೇ ಕಡಿಮೆ ಅಂಕ!

ಎಲ್ಲರೂ ಹೊಗಳುತ್ತಾರೆ, ಹೆಸರು ಮಾತ್ರ ಬರಲ್ಲ. ನಿಮ್ಮ ಕಥೆಯೂ ಇದೇ ಅಲ್ವಾ? ಈ ಕೆಲಸದಲ್ಲಿ ನೀವು ಗಟ್ಟಿ ಅಂತ ಅವರಿಗೆ ಗೊತ್ತು. ಮುಂದಿನ ಕೆಲಸದಲ್ಲಿ ನಿಮ್ಮನ್ನು ಅವರು ಕಲ್ಪಿಸಿಕೊಂಡೇ ಇಲ್ಲ. ಇದೇ ಕೆಲಸದ ಬಗ್ಗೆ ಇನ್ನೊಂದು ಸರ್ಟಿಫಿಕೇಟ್ ತಂದರೆ "ಇವರು ಇಲ್ಲೇ ಚೆನ್ನ" ಅನ್ನೋ ಮಾತೇ ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗಾದರೆ ಏನು ಕಲಿಯಬೇಕು?

ಮೊದಲು ದುಡ್ಡಿನ ಲೆಕ್ಕ. ನಿಮ್ಮ ಸಂಬಳದ್ದಲ್ಲ, ನೀವು ದುಡಿಯುವ ಸಂಸ್ಥೆಯದ್ದು.

ಆನ್ ಮುಲ್ಕಾಹಿ 2001ರಲ್ಲಿ ಜೆರಾಕ್ಸ್ ಕಂಪನಿಯ ಮುಖ್ಯಸ್ಥೆಯಾದಾಗ ಕಂಪನಿ ಸಾಲದಲ್ಲಿ ಮುಳುಗಿತ್ತು. ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ ಮತ್ತು ಪತ್ರಿಕೋದ್ಯಮ. 1976ರಲ್ಲಿ ಮಾರಾಟ ವಿಭಾಗಕ್ಕೆ ಸೇರಿ, ಹಂತಹಂತವಾಗಿ ಮೇಲೆ ಬಂದವರು. ಹಣಕಾಸಿನ ತರಬೇತಿ ಇರಲಿಲ್ಲ. ಬ್ಯಾಂಕಿನವರ ಜೊತೆ ಸಾಲದ ಮಾತಾಡಬೇಕಿತ್ತು. ಅವರು ಹಣಕಾಸು ವಿಭಾಗದ ಒಬ್ಬ ಉದ್ಯೋಗಿಯನ್ನು ಕರೆದು, ಬ್ಯಾಲೆನ್ಸ್ ಶೀಟ್ ಓದುವುದನ್ನು ಪಾಠ ಹೇಳಿಸಿಕೊಂಡರು. ಮುಖ್ಯಸ್ಥೆಯೇ ತನ್ನ ಕೈಕೆಳಗಿನವರ ಹತ್ತಿರ ಕೂತು ಅ ಆ ಇ ಈ ಕಲಿತ ಹಾಗೆ. ಕಂಪನಿ ಚೇತರಿಸಿಕೊಂಡಿತು. 2009ರಲ್ಲಿ ಅವರು ಆ ಹುದ್ದೆಯನ್ನು ಅರ್ಸುಲಾ ಬರ್ನ್ಸ್ ಅವರಿಗೆ ಬಿಟ್ಟುಕೊಟ್ಟರು. ಅಮೆರಿಕದ ಅಷ್ಟು ದೊಡ್ಡ ಕಂಪನಿಯೊಂದರಲ್ಲಿ ಹೆಂಗಸಿನಿಂದ ಹೆಂಗಸಿಗೆ ಮುಖ್ಯಸ್ಥ ಹುದ್ದೆ ಹೋದದ್ದು ಅದೇ ಮೊದಲು.

ಮುಲ್ಕಾಹಿ ಕಲಿತದ್ದನ್ನು ನೀವು ಈಗಲೇ ಕಲಿಯಬಹುದು. ಮುಖ್ಯವಾಗಿ ಮೂರು ಹಾಳೆ. ಲಾಭ ನಷ್ಟದ ಹಾಳೆ ಈ ವರ್ಷ ಎಷ್ಟು ಬಂತು, ಎಷ್ಟು ಹೋಯಿತು ಅನ್ನುತ್ತದೆ. ಬ್ಯಾಲೆನ್ಸ್ ಶೀಟ್ ಇವತ್ತಿನ ದಿನ ಆಸ್ತಿ ಎಷ್ಟು, ಸಾಲ ಎಷ್ಟು ಅನ್ನುತ್ತದೆ. ಮೂರನೆಯದು ನಗದಿನ ಹಾಳೆ, ಕೈಗೆ ನಿಜವಾಗಿ ಬಂದ ದುಡ್ಡಿನದು. ಹೊಸಬರು ಎಡವುವುದು ಇಲ್ಲೇ. ಇಡೀ ವರ್ಷದ ಸರಕನ್ನೆಲ್ಲ ಕಡ ಕೊಟ್ಟು ಮಾರಿದರೆ ಮೊದಲ ಹಾಳೆಯಲ್ಲಿ ಲಾಭ ಕಾಣುತ್ತದೆ. ಆದರೆ ಮುಂದಿನ ತಿಂಗಳ ಸಂಬಳ ಕೊಡಲು ಪೆಟ್ಟಿಗೆಯಲ್ಲಿ ಕಾಸಿಲ್ಲ. ಲಾಭದಲ್ಲಿರುವ ಕಂಪನಿಯೂ ಬಾಗಿಲು ಹಾಕುವುದು ಹೀಗೆ. ಇದು ಅರ್ಥವಾದವರು ಮೀಟಿಂಗ್‌ನಲ್ಲಿ ಕೇಳುವ ಪ್ರಶ್ನೆಯೇ ಬೇರೆ ಥರ ಇರುತ್ತದೆ. ಆಸ್ಪತ್ರೆಯಾಗಲಿ, ಶಾಲೆಯಾಗಲಿ, ಸೇವಾ ಸಂಸ್ಥೆಯಾಗಲಿ, ದುಡ್ಡಿನ ಲೆಕ್ಕ ಇಲ್ಲದ ಜಾಗ ಇಲ್ಲ.

ಹೆಣ್ಣುಮಕ್ಕಳಿಗೆ ಸಲಹೆ ಕೊಡುವವರು "ಧೈರ್ಯವಾಗಿ ಮಾತಾಡಿ, ನೆಟ್ಟಗೆ ಕೂತ್ಕೊಳ್ಳಿ" ಅಂತ ಹೇಳಿದಷ್ಟು ಸಲ "ಬಜೆಟ್ ಓದೋದು ಕಲೀರಿ" ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಬೇಜಾರಾಗುತ್ತದೆ.

ದುಡ್ಡು ಆದ ಮೇಲೆ, ಪಕ್ಕದ ವಿಭಾಗದ ಕೆಲಸ. ಮೇರಿ ಬಾರಾ 18ನೇ ವಯಸ್ಸಿಗೇ ಜನರಲ್ ಮೋಟರ್ಸ್ ಸೇರಿದವರು. ಕೆಲಸ ಮಾಡುತ್ತಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದರು. ಆಮೇಲೆ ಕಂಪನಿಯೇ ಅವರನ್ನು ತನ್ನ ಫೆಲೋಶಿಪ್ ಮೇಲೆ ಸ್ಟ್ಯಾನ್‌ಫರ್ಡ್‌ಗೆ ಎಂಬಿಎ ಓದಲು ಕಳಿಸಿತು, 1990ರಲ್ಲಿ ಅದು ಮುಗಿಯಿತು. ಆದರೆ ನನಗೆ ಜಾಸ್ತಿ ಹಿಡಿಸುವುದು ಅದಾದ ಮೇಲಿನ ದಾರಿ. ಕಾರ್ಖಾನೆಯೊಂದನ್ನು ನಡೆಸಿದರು. 2009ರಲ್ಲಿ ಎಚ್‌ಆರ್ ವಿಭಾಗದ ಮುಖ್ಯಸ್ಥೆಯಾದರು, ಎಂಜಿನಿಯರ್‌ಗಳು ಸಾಮಾನ್ಯವಾಗಿ ಹೋಗದ ಕಡೆ. ಅಲ್ಲಿಂದ ಹೊಸ ವಾಹನಗಳನ್ನು ರೂಪಿಸುವ ವಿಭಾಗ. 2014ರಲ್ಲಿ ಇಡೀ ಕಂಪನಿ. ಒಂದೇ ಗೆರೆ ಹಿಡಿದು ಮೇಲೆ ಹೋದವರಲ್ಲ, ಅಡ್ಡಡ್ಡ ನಡೆದವರು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಂಸ್ಥೆಯೇ ಫೀಸು ಕಟ್ಟಿ ಓದಿಸಿದರೆ, ಅವರು ನಿಮ್ಮ ಮೇಲೆ ದುಡ್ಡು ಹಾಕಿದ ಹಾಗಾಯಿತು. ಹಾಕಿದವರು ಅದರ ಫಲ ನೋಡಲು ಕಾಯುತ್ತಾರೆ. ನೀವೇ ರಾತ್ರಿ ಕೂತು, ಯಾರಿಗೂ ಹೇಳದೆ ಓದಿದರೆ ಆ ಕಾಯುವಿಕೆ ಇರುವುದಿಲ್ಲ. ಹಾಗಾಗಿ ಕೋರ್ಸ್ ಮಾಡಲೇಬೇಕು ಅನ್ನಿಸಿದರೆ ಮೊದಲು ಸಂಸ್ಥೆಯನ್ನು ಕೇಳಿ. ಸಿಕ್ಕದಿದ್ದರೂ, ಕೇಳಿದ್ದು ನೆನಪಿರುತ್ತದೆ.

ಆನ್‌ಲೈನ್ ಕೋರ್ಸ್ ಬಗ್ಗೆ ಒಂದು ಮಾತು. ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಉಚಿತ ಕೋರ್ಸ್‌ಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. 2017-18ರಲ್ಲಿ ಸೇರಿದವರಲ್ಲಿ ಪೂರ್ತಿ ಮುಗಿಸಿದವರು ಶೇ 3.13. ಉಳಿದ ತೊಂಬತ್ತೇಳರ ಗುಂಪಿನಲ್ಲಿ ನಿಮ್ಮ ಪರಿಚಯದವರು ತುಂಬಾ ಜನ ಸಿಗುತ್ತಾರೆ, ಇದನ್ನು ಬರೆಯುತ್ತಿರುವವಳೂ ಸೇರಿ. ಅದೇ ಕೋರ್ಸ್‌ಗಳಿಗೆ ಸರ್ಟಿಫಿಕೇಟಿಗಾಗಿ ದುಡ್ಡು ಕಟ್ಟಿ ಸೇರಿದವರಲ್ಲಿ ಮುಗಿಸಿದವರು ಶೇ 46. ಕಲಿತದ್ದನ್ನು ಆ ವಾರವೇ ಬಳಸುವ ಕೆಲಸ ಕೈಯಲ್ಲಿಲ್ಲದಿದ್ದರೆ ಕೋರ್ಸ್ ಮುಗಿದರೂ ತಲೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಪರವಾನಗಿ ಉಳಿಸಿಕೊಳ್ಳಲು ಕೋರ್ಸ್ ಕಡ್ಡಾಯ ಇರುವ ವೃತ್ತಿಗಳು, ಕ್ಷೇತ್ರವನ್ನೇ ಬದಲಿಸುವವರು, ಕೆಲವು ವರ್ಷ ಬಿಟ್ಟು ಮರಳುವವರು, ಇವರ ವಿಷಯ ಬೇರೆ. ಅವರಿಗೆ ಸರ್ಟಿಫಿಕೇಟ್ ಬಾಗಿಲು ತೆರೆಯುತ್ತದೆ.

ಕಲಿತರೂ ಕುರ್ಚಿ ಸಿಗದೆ ಹೋದವರು

ಡೊರೊಥಿ ವಾನ್ ಕಥೆ ಹೇಳದೆ ಈ ಉತ್ತರ ಮುಗಿಸಿದರೆ ಮೋಸ ಮಾಡಿದ ಹಾಗೆ.

ಅವರು 1929ರ ಗಣಿತ ಪದವೀಧರೆ. ಶಾಲಾ ಶಿಕ್ಷಕಿಯಾಗಿದ್ದವರು 1943ರಲ್ಲಿ ಅಮೆರಿಕದ ಲ್ಯಾಂಗ್ಲಿ ವೈಮಾನಿಕ ಪ್ರಯೋಗಾಲಯಕ್ಕೆ ಬಂದರು. ವಿಮಾನದ ಪರೀಕ್ಷೆಗಳ ಲೆಕ್ಕವನ್ನು ಆಗ ಜನ ಕೂತು ಕೈಯಲ್ಲೇ ಮಾಡುತ್ತಿದ್ದರು. ಕಪ್ಪು ಮಹಿಳೆಯರಿಗೆ ಬೇರೆಯದೇ ವಿಭಾಗ. 1949ರಲ್ಲಿ ವಾನ್ ಆ ವಿಭಾಗದ ಮೇಲ್ವಿಚಾರಕಿಯಾದರು. ಆ ಸಂಸ್ಥೆಯಲ್ಲಿ ಅಂಥ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ ಅವರೇ. ಮುಂದೆ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬಂದವು. ಕೈಲೆಕ್ಕದ ಕೆಲಸ ಹೋಗುತ್ತದೆ ಅನ್ನೋದು ಅವರಿಗೆ ಕಂಡಿತು. ಫೋರ್ಟ್ರಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿತರು, ಜೊತೆಯ ಹೆಂಗಸರಿಗೂ ಕಲಿಸಿದರು. 1958ರಲ್ಲಿ ಸಂಸ್ಥೆ ನಾಸಾ ಆಗಿ, ಆ ಪ್ರತ್ಯೇಕ ವಿಭಾಗ ಮುಚ್ಚಿದಾಗ ಹೊಸ ಕಂಪ್ಯೂಟರ್ ವಿಭಾಗದಲ್ಲಿ ಅವರಿಗೆ ಜಾಗ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ಭಾಷಣಕ್ಕೆ ಚೆನ್ನಾಗಿರುತ್ತದೆ. ತುಂಬಾ ಜನ ಇಲ್ಲೇ ನಿಲ್ಲಿಸುತ್ತಾರೆ. ಆದರೆ ವಾನ್ ಮತ್ತೊಮ್ಮೆ ಮೇಲ್ವಿಚಾರಕಿಯ ಹುದ್ದೆಗೆ ಪ್ರಯತ್ನಪಟ್ಟರು, ಸಿಗಲಿಲ್ಲ. 1971ರಲ್ಲಿ ನಿವೃತ್ತರಾಗುವ ತನಕ ಸಿಗಲೇ ಇಲ್ಲ. ಕಲಿಕೆ ಅವರ ಕೆಲಸ ಉಳಿಸಿತು, ಜೊತೆಯವರ ಕೆಲಸವನ್ನೂ ಉಳಿಸಿತು. ಕುರ್ಚಿ ಕೊಡುವುದು ಮಾತ್ರ ಬೇರೆಯವರ ಕೈಯಲ್ಲಿತ್ತು.

ಅದಕ್ಕೇ ಕಲಿಯುವುದರ ಜೊತೆಗೆ, ನಿಮ್ಮ ಪರವಾಗಿ ಮಾತಾಡುವ ಒಬ್ಬರು ಬೇಕು. ಸಂಶೋಧಕಿ ಹರ್ಮಿನಿಯಾ ಇಬಾರಾ ಮತ್ತು ಜೊತೆಗಾರರು 2010ರಲ್ಲಿ ಬರೆದದ್ದು ಇದನ್ನೇ: ಹೆಂಗಸರಿಗೆ ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ, ಬಡ್ತಿಗೆ ಅವರ ಹೆಸರು ಮುಂದಿಡುವವರು ಸಿಗುವುದಿಲ್ಲ. ಬಡ್ತಿ ತೀರ್ಮಾನವಾಗುವ ಕೋಣೆಯಲ್ಲಿ ನೀವು ಇರುವುದಿಲ್ಲ. ಅಲ್ಲಿ ಇರುವವರಲ್ಲಿ ಒಬ್ಬರಾದರೂ ನಿಮ್ಮ ಹೊಸ ಕೆಲಸವನ್ನು ಕಣ್ಣಾರೆ ನೋಡಿರಬೇಕು. ಪದವೀಧರೆಯರು ಒಬ್ಬರಿಗೊಬ್ಬರು ಬೆನ್ನಿಗಿರಬೇಕು ಅನ್ನೋದೇನೂ ಹೊಸ ಯೋಚನೆಯಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದ ಹೆಂಗಸರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1919ರಲ್ಲಿ. ನಿಮ್ಮ ಸಂಸ್ಥೆಯ ಹೊರಗಿನ ನಾಲ್ಕೈದು ಗೆಳತಿಯರಾದರೂ ಸಾಕು, ಯಾವ ಹುದ್ದೆ ಎಲ್ಲಿ ಖಾಲಿ ಇದೆ ಅನ್ನೋದು ಮೊದಲು ಗೊತ್ತಾಗುವುದು ಅಲ್ಲಿಯೇ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಅಂತ ಕೇಳುತ್ತೀರಿ. ನ್ಯಾಯವೇ. ಹಾಗಾಗಿ ಹೊಸದನ್ನು ಸೇರಿಸುವ ಮೊದಲು ಏನನ್ನಾದರೂ ಇಳಿಸಿ. ಅರ್ಥಶಾಸ್ತ್ರಜ್ಞೆ ಲಿಂಡಾ ಬಾಬ್‌ಕಾಕ್ ಮತ್ತು ಮೂವರು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಂಡಕ್ಕೆ ಬೇಕಾದ, ಆದರೆ ಮಾಡುವವರಿಗೆ ಹೆಚ್ಚು ಲಾಭವಿಲ್ಲದ ಕೆಲಸವನ್ನು ಮಾಡಿ ಅಂತ ಕೇಳುವಾಗ ಗಂಡಸರಿಗಿಂತ ಹೆಂಗಸರನ್ನು ಶೇ 44ರಷ್ಟು ಜಾಸ್ತಿ ಸಲ ಕೇಳಿದರು. ಕೇಳಿದವರಲ್ಲಿ ಹೆಂಗಸರೂ ಇದ್ದರು! ಮೀಟಿಂಗ್ ಟಿಪ್ಪಣಿ, ಬೀಳ್ಕೊಡುಗೆಯ ಏರ್ಪಾಡು, ಹೊಸಬರಿಗೆ ಎಲ್ಲಾ ತೋರಿಸಿ ಕೊಡೋದು. ಒಂದು ವಾರ ಇಂಥದ್ದನ್ನೆಲ್ಲ ಸುಮ್ನೆ ಬರೆದಿಟ್ಟು ನೋಡಿ. ಆಮೇಲೆ "ನಾನು ಮಾಡಲ್ಲ" ಅನ್ನುವ ಬದಲು "ಸರದಿ ಮೇಲೆ ಮಾಡೋಣ" ಅನ್ನಿ. ಸರದಿಗೆ ಯಾರೂ ಅಡ್ಡ ಮಾತಾಡಲಾರರು. ಹಾಗೆ ಉಳಿದ ಗಂಟೆಗಳು ಕಲಿಕೆಗೆ.

ಇನ್ನು ನಿಮ್ಮ ಮೇಲಧಿಕಾರಿ. "ನಾನು ಇನ್ನೂ ಏನು ಸುಧಾರಿಸಿಕೊಳ್ಳಬೇಕು?" ಅಂತ ಕೇಳಬೇಡಿ. "ಚೆನ್ನಾಗಿಯೇ ಮಾಡ್ತಿದ್ದೀರಲ್ಲ, ಹೀಗೇ ಮಾಡ್ತಾ ಇರಿ" ಅನ್ನೋ ಉತ್ತರ ಬರುತ್ತದೆ. ಅದನ್ನು ಹದಿಮೂರು ವರ್ಷದಿಂದ ಕೇಳಿದ್ದೀರಿ. ಹೀಗೆ ಕೇಳಿ: "ಮುಂದಿನ ಬಾರಿ ತಂಡದ ಜವಾಬ್ದಾರಿಗೆ ನನ್ನ ಹೆಸರು ಇರಬೇಕು ಅಂದ್ರೆ, ಈ ಆರು ತಿಂಗಳಲ್ಲಿ ನಾನು ಯಾವ ಕೆಲಸ ಮಾಡಿ ತೋರಿಸಬೇಕು?" ಉತ್ತರವನ್ನು ಬರೆದುಕೊಂಡು, ಅದೇ ದಿನ ಅವರಿಗೆ ಇಮೇಲ್ ಮಾಡಿ. ಜೊತೆಗೆ, ನಿಮ್ಮ ವಿಭಾಗದ ಮುಂದಿನ ಬಜೆಟ್ ತಯಾರಾಗುವಾಗ ಪಕ್ಕದಲ್ಲಿ ಕೂತು ನೋಡಬಹುದಾ ಅಂತಲೂ ಕೇಳಿ. ಮೊದಲ ಸಲ ಅರ್ಧ ಅರ್ಥವಾಗುವುದಿಲ್ಲ. ಎರಡನೇ ಸಲ ಒಂದು ಸಾಲಿನ ಲೆಕ್ಕ ನೀವೇ ಹಾಕಿ ಕೊಡಿ.

ಆರು ತಿಂಗಳು ಕಳೆದು, ಅವರು ಹೇಳಿದ ಕೆಲಸ ಮಾಡಿ ತೋರಿಸಿದ ಮೇಲೂ ಉತ್ತರ ಬದಲಾಗದಿದ್ದರೆ? ಆಗ ಇನ್ನೊಂದು ಕೋರ್ಸ್ ಹುಡುಕಬೇಡಿ, ಇನ್ನೊಂದು ಕೆಲಸ ಹುಡುಕಿ. ಆ ಬಜೆಟ್ ಸಾಲನ್ನು ನಿಮ್ಮ ಬಯೋಡೇಟಾದಲ್ಲಿ ಮೊದಲೇ ಹಾಕಿ, ಕೋರ್ಸ್‌ಗಳ ಪಟ್ಟಿ ಕೊನೆಗಿರಲಿ.